ಮುಕ್ತ ಲೋಕದ ಆಟಗಳಲ್ಲಿ ಜೀವಂತ ಹಳ್ಳಿ

ಆಟಗಾರನು ಒಂದು ಪಾತ್ರವನ್ನು ತೊಟ್ಟು, ಮಾಯೆ ಮಂತ್ರಗಳಿರುವ ಕಲ್ಪಿತ ನಾಡಿನಲ್ಲಿ ಮನಬಂದ ಕಡೆ ತಿರುಗಾಡುವ ವಿಡಿಯೊ ಆಟಗಳಿಗೆ ಓಪನ್ ವರ್ಲ್ಡ್ ಫ್ಯಾಂಟಸಿ ಆರ್‌ಪಿಜಿ ಎಂದು ಹೆಸರು. ಇಂಥ ಆಟದ ಹಳ್ಳಿ ಬರೀ ಅಂಗಡಿ ಸಾಲಾಗಿ ಉಳಿಯಬಾರದು. ತಾನು ಬರುವ ಮುಂಚೆಯೂ ಇಲ್ಲಿ ಒಲೆ ಉರಿಯುತ್ತಿತ್ತು, ಹೋದ ಮೇಲೂ ಉರಿಯುತ್ತದೆ ಎಂದು ಆಟಗಾರನಿಗೆ ಅನ್ನಿಸಬೇಕು. ಹಾಗೆ ಅನ್ನಿಸುವಂತೆ ಊರನ್ನು ಕಟ್ಟುವುದು ಆಟ ರೂಪಿಸುವವರ ಕಷ್ಟದ ಕೆಲಸಗಳಲ್ಲಿ ಒಂದು.

ಈ ದಾರಿಯ ಮೊದಲ ಹೆಜ್ಜೆ ದಿನಚರಿ. 1988ರ ಅಲ್ಟಿಮಾ 5ರಲ್ಲಿ ಊರಿನವರು ಹೊತ್ತಿಗೆ ಸರಿಯಾಗಿ ಎದ್ದು ಕೆಲಸಕ್ಕೆ ಹೋಗಿ, ಉಂಡು ಮಲಗುತ್ತಿದ್ದರು. ಜರ್ಮನಿಯ ಗೋಥಿಕ್ (2001) ಅದಕ್ಕೆ ಮರ್ಯಾದೆಯ ಗೆರೆಯೊಂದನ್ನು ಸೇರಿಸಿತು: ಕೇಳದೆ ಮನೆಯೊಳಗೆ ಕಾಲಿಟ್ಟರೆ ಗದರುತ್ತಾರೆ, ಕತ್ತಿ ಹಿರಿದರೆ ಒಳಗಿಡು ಎನ್ನುತ್ತಾರೆ. ಬೆಥೆಸ್ಡಾ ಸಂಸ್ಥೆಯ ಮೊರೋವಿಂಡ್ (2002) ವಿಶಾಲವಾದ ಲೋಕ, ಆದರೆ ಅಲ್ಲಿನ ಜನ ಹಗಲಿರುಳು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುತ್ತಾರೆ. ಅದೇ ಸಂಸ್ಥೆ 2006ರ ಒಬ್ಲಿವಿಯನ್‌ನಲ್ಲಿ ರೇಡಿಯಂಟ್ ಎಐ ಎಂಬ ಏರ್ಪಾಡು ತಂದು ಪ್ರತಿಯೊಬ್ಬರಿಗೂ ಗುರಿ ಕೊಟ್ಟಿತು. 2011ರ ಸ್ಕೈರಿಮ್‌ನ ರಿವರ್‌ವುಡ್ ಹಿಡಿಯಷ್ಟು ಮನೆಗಳ ಹಳ್ಳಿ. ಹೊಳೆ, ಮರ ಕೊಯ್ಯುವ ಗಿರಣಿ, ಕಮ್ಮಾರಸಾಲೆ ಅಕ್ಕಪಕ್ಕದಲ್ಲಿರುವುದರಿಂದ ಈ ಜನ ಇಲ್ಲೇಕೆ ನೆಲೆಸಿದರೆಂದು ಯಾರೂ ಹೇಳದೆಯೇ ತಿಳಿಯುತ್ತದೆ. ಆ ಆಟದ ಒಂದು ದಿನ ನಮ್ಮ 72 ನಿಮಿಷ.

ಆದರೆ ದಿನಚರಿಯಷ್ಟೇ ಊರಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ತೊಡರಿಕೊಂಡಾಗಲೇ ಅದು ಊರಾಗುವುದು. ನಮ್ಮ ಆಯಗಾರ ಪದ್ಧತಿಯನ್ನೇ ನೋಡಿ: ಕಂಬಾರ ಕುಳ ಬಡಿದುಕೊಟ್ಟರೆ, ಬಡಿಗ ಕೂರಿಗೆ ಸರಿಪಡಿಸಿದರೆ ರೈತ ಆಗಲೇ ದುಡ್ಡು ಎಣಿಸುತ್ತಿರಲಿಲ್ಲ. ಸುಗ್ಗಿಯ ಕಣದಲ್ಲಿ ಅವರವರ ಆಯದ ಕಾಳು ಅಳೆದು ಕೊಡುತ್ತಿದ್ದ. ಮಳೆ ಕೈಕೊಟ್ಟ ವರ್ಷ ಕಂಬಾರನ ಮನೆಯಲ್ಲೂ ಕಾಳು ಕಡಿಮೆ. ಆಟದ ಕಮ್ಮಾರನಾದರೋ ಬೆಳೆ ಬಂದರೂ ಸುಟ್ಟರೂ ಅದೇ ಬೆಲೆಗೆ ಅದೇ ಕತ್ತಿ ಮಾರುತ್ತಾನೆ. ಈ ಕೊರತೆ ತುಂಬುವವರೆಗೆ ಉಳಿದ ಅಲಂಕಾರವೆಲ್ಲ ಮೇಲುಮೇಲಿನದು.

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಜುಗೂಳ ಕೃಷ್ಣಾ ದಂಡೆಯ ಊರು. ಹೊಳೆಯಾಚೆ ಮಹಾರಾಷ್ಟ್ರ, ಅಲ್ಲಿ ಕೊಪ್ಪೇಶ್ವರ ಗುಡಿಯ ಖಿದ್ರಾಪುರ. ಆಟ ಕಟ್ಟುವವರು ಇಂಥ ಊರಿನಲ್ಲಿ ಒಂದು ವರ್ಷ ಕುಳಿತರೆ ಕಲಿಯುವುದು ಬಹಳವಿದೆ. ಇಲ್ಲಿ ಹೊಳೆ ಏರಬೇಕಾದರೆ ಊರಲ್ಲೇ ಮಳೆಯಾಗಬೇಕೆಂದಿಲ್ಲ. ಸಹ್ಯಾದ್ರಿಯಲ್ಲಿ ಸುರಿದು, ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಸಾಕು. ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಎಮ್ಮೆ, ಮೇವು, ಕಾಳಿನ ಚೀಲ ಎತ್ತರದ ಜಾಗಕ್ಕೆ ಹೋಗುತ್ತವೆ. ಕೆಳಮಟ್ಟದ ಸೇತುವೆ ಮುಳುಗಿದರೆ ನಿನ್ನೆಯ ಹತ್ತಿರದ ಊರು ಇವತ್ತು ಸುತ್ತುದಾರಿಯ ಊರು. 2005, 2019 ಮತ್ತು 2021ರ ಮಹಾಪೂರಗಳನ್ನು ಈ ದಂಡೆಯ ಜನ ಗೋಡೆಯ ಮೇಲಿನ ನೀರಿನ ಗುರುತಿನಿಂದ ಅಳೆಯುತ್ತಾರೆ. ದೂರದ ಕಾರಣ, ಹತ್ತಿರದ ಗಡಿಬಿಡಿ, ಬಹುಕಾಲ ಉಳಿಯುವ ಕಲೆ: ಈ ಮೂರೂ ಒಟ್ಟಿಗಿರುವ ಆಟದ ಹಳ್ಳಿ ಅಪರೂಪ. 2015ರ ವಿಚರ್ 3ರಲ್ಲಿ ಮಳೆ ಬಂದರೆ ಜನ ಸೂರಿನ ಕೆಳಗೆ ಓಡುತ್ತಾರೆ, ಅದು ಒಳ್ಳೆಯ ಆರಂಭ. ಮಳೆ ನಿಂತ ಮೇಲೆ ಮಾತ್ರ ಏನೂ ಬದಲಾಗಿರುವುದಿಲ್ಲ.

ನೀರಿಳಿದ ಮೇಲೆ ಕಬ್ಬಿನ ಹಂಗಾಮು. ಕಡಿಯುವ ಗ್ಯಾಂಗುಗಳು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ, ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಮಾಘದಲ್ಲಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂಡಿಗಳು ಹೊರಡುತ್ತವೆ. ಊರಿನ ಜನಸಂಖ್ಯೆ, ಸದ್ದು, ವಾಸನೆ ತಿಂಗಳಿಗೊಂದು ತೆರ.

ನೆನಪಿನ ವಿಷಯದಲ್ಲಿ ಚೆಕ್ ದೇಶದ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ (2018) ಮುಂದಿದೆ. ಮಾಯೆಯಿಲ್ಲದ, 1403ರ ಬೊಹೀಮಿಯಾದ ಕಥೆ ಅದು. ಕಳ್ಳತನ ಮಾಡಿದವನ ಹೆಸರು ಊರಲ್ಲಿ ಕೆಡುತ್ತದೆ, ಕೊಳೆಬಟ್ಟೆಯಲ್ಲಿ ಬಂದವನಿಗೆ ಜನ ಮೂಗು ಮುರಿಯುತ್ತಾರೆ. ಕಲ್ಪಿತ ಊರಿಗೆ ನೆನಪು ಕೊಡುವುದನ್ನು ಕನ್ನಡ ಸಾಹಿತ್ಯ ಇನ್ನೂ ಮೊದಲೇ ಮಾಡಿತ್ತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಶಿವಾಪುರ ಕೃತಿಯಿಂದ ಕೃತಿಗೆ ಮರಳಿ ಬರುವ ಊರು. ‘ಕರಿಮಾಯಿ’ಯಲ್ಲಿ ಅದರ ದೇವತೆಗೇ ತನ್ನದೊಂದು ಕಥೆಯಿದೆ. ಊರದೇವತೆ, ಗೌಡಿಕೆ, ಕಟ್ಟೆಯ ಮಾತು ಸೇರಿ ಒಂದು ಸ್ಥಳಕ್ಕೆ ಗತಕಾಲ ಬರುವುದು ಹೇಗೆಂದು ಆಟ ಬರೆಯುವವರು ಅಲ್ಲಿ ಕಲಿಯಬಹುದು.

ಕೊನೆಯದು ಮಾತು. ಆಟದ ಹಳ್ಳಿಗರು ನೂರನೆಯ ಭೇಟಿಯಲ್ಲೂ ಮೊದಲ ದಿನದ ವಾಕ್ಯವನ್ನೇ ಒಪ್ಪಿಸುವುದುಂಟು. ಗಡಿಯ ಈ ಸೀಮೆಯಲ್ಲಿ ಹೊಸಬನಿಗೆ ಬರುವ ಪ್ರಶ್ನೆ, “ಯಾವೂರ್ರೀ ನಿಮ್ದು? ಯಾರ ಪೈಕಿ?” ಕನ್ನಡ ತಿಳಿಯದಿದ್ದರೆ ಅದೇ ಮಾತು ಮರಾಠಿಗೆ ಹೊರಳುತ್ತದೆ. ನಾಲ್ಕು ಸಲ ಬಂದುಹೋದ ಮೇಲೆ ‘ರೀ’ ಕಳಚಿ, ಅದೇ ಅಜ್ಜ ಕಟ್ಟೆಯ ಮೇಲೆ ಜರುಗಿ ಜಾಗ ಬಿಡುತ್ತಾನೆ: “ಬಾ ತಮ್ಮಾ, ಕುಂದ್ರು. ಚಾ ಆತೇನ?”