ಗ್ರಾಮೀಣ ಧಾರವಾಡದ ಕ್ರೈಸ್ತ ಬದುಕು

ಧಾರವಾಡ ಸೀಮೆಯ ಹಳ್ಳಿ ಹಾಗೂ ಸಣ್ಣ ಊರುಗಳಲ್ಲಿ 19ನೇ ಶತಮಾನದಿಂದ ಬೆಳೆದುಬಂದಿರುವ ಕನ್ನಡ ಕ್ರೈಸ್ತರ ನಿತ್ಯಜೀವನ ಮತ್ತು ಆಚರಣೆ. ಇಲ್ಲಿನ ಹಳೆಯ ಪ್ರೊಟೆಸ್ಟೆಂಟ್ ಸಭೆಗಳ ಬೇರು ಬಾಸೆಲ್ ಮಿಶನ್ನಿನಲ್ಲಿದೆ. ಸಂಖ್ಯೆಯಲ್ಲಿ ಸಣ್ಣದಾದ ಈ ಸಮುದಾಯ ಬಹಿಷ್ಕಾರ, ಬರ ಮತ್ತು ಒಂಟಿತನದ ಭಯವನ್ನು ದಾಟಿದ್ದು ಪರಸ್ಪರ ಆಸರೆಯನ್ನೇ ಪ್ರಾರ್ಥನೆಯ ಭಾಗವಾಗಿಸಿಕೊಂಡು.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅದರ ಕೇಂದ್ರಗಳಾದವು. ಗದಗ-ಬೆಟಗೇರಿ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. 1853ರಲ್ಲಿ ಭಾರತಕ್ಕೆ ಬಂದ ಇದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಕನ್ನಡ ಕಲಿತದ್ದೂ ಈ ಸೀಮೆಯಲ್ಲಿಯೇ. ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ಅವರ ‘ಕಥಾಮಾಲೆ’ 1862ರಲ್ಲಿ ಹೊರಬಂತು.

ಭಯದ ಮೂರು ಮುಖಗಳು

ಮೊದಲನೆಯದು ಕುಲದಿಂದ ಹೊರಬೀಳುವ ಭಯ. ಹೊಸ ವಿಶ್ವಾಸಕ್ಕೆ ಬಂದವರಿಗೆ ಮನೆ, ಹೊಲದ ಪಾಲು, ಮದುವೆ ಸಂಬಂಧ, ಕೆಲವೊಮ್ಮೆ ಬಾವಿಯ ನೀರೂ ತಪ್ಪುತ್ತಿತ್ತು. ಇಂಥವರಿಗೆ ನೆಲೆ ಸಿಗಲೆಂದು 1841ರಲ್ಲಿ ಬೆಟಗೇರಿ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತೊಂದು ಆರಂಭವಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಬೆನ್ನಿಗೆ ಊಟ, ನೆಲ, ನೆಂಟರು ಇಲ್ಲದಿದ್ದರೆ ವಿಶ್ವಾಸದ ಹೆಜ್ಜೆ ಎಷ್ಟು ಭಾರವೆಂಬುದಕ್ಕೆ ಇದು ಸಾಕ್ಷಿ. ಧರ್ಮ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ಕಳೆಯಬಾರದೆಂಬ ಕಾಯ್ದೆ 1850ರಲ್ಲಿ ಬಂದರೂ ಊರಿನ ಕಟ್ಟುಪಾಡು ಸಡಿಲಾಗಲು ತಲೆಮಾರುಗಳೇ ಹಿಡಿದವು.

ಎರಡನೆಯದು ಹಸಿವಿನ ಭಯ. 1876–78ರ ಬರಗಾಲ ಬಯಲುಸೀಮೆಯನ್ನು ಸುಟ್ಟಾಗ ಮಿಶನ್ ಅನಾಥ ಮಕ್ಕಳನ್ನು ಸಾಕಿತು. ಮೂರನೆಯದು ಕಾಯುವವರಿಲ್ಲದ ಭಯ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು, ಸ್ವದೇಶಕ್ಕೆ ಕಳಿಸಿತು. ಸಭೆಗಳನ್ನು ನಡೆಸುವ ಹೊಣೆ ಹೆಚ್ಚಾಗಿ ಸ್ಥಳೀಯ ಪಾದ್ರಿಗಳು, ಉಪದೇಶಿಗಳು ಮತ್ತು ಶಾಲಾ ಮಾಸ್ತರರ ಮೇಲೆ ಬಿತ್ತು. ಅವರು ಅದನ್ನು ಹೊತ್ತರು. ಈ ನೆಲದ ಸಭೆ ತನ್ನ ಕಾಲ ಮೇಲೆ ನಿಲ್ಲಬಲ್ಲದೆಂಬ ನಂಬಿಕೆ ಗಟ್ಟಿಯಾದದ್ದು ಆಗ.

ನಿತ್ಯದ ಆಚರಣೆ

ಭಾನುವಾರದ ಆರಾಧನೆಯಷ್ಟೇ ಮುಖ್ಯವಾದದ್ದು ಮನೆ ಪ್ರಾರ್ಥನೆ. ಕಾಯಿಲೆ, ಸಾಲ, ಮಗಳ ಬಾಣಂತನ, ಮಗನ ಪರೀಕ್ಷೆ ಎಲ್ಲವನ್ನೂ ಹೆಸರು ಹಿಡಿದು ದೇವರ ಮುಂದಿಡುತ್ತಾರೆ. ಹೇಳಿಕೊಂಡ ಕಷ್ಟ ಮರುದಿನ ನೆರೆಯವರ ಕೆಲಸವೂ ಆಗುತ್ತದೆ: ಒಬ್ಬರು ಆಸ್ಪತ್ರೆಗೆ ಜೊತೆಗೆ ಹೋದರೆ ಇನ್ನೊಬ್ಬರು ಬುತ್ತಿ ಕಟ್ಟಿಕೊಡುತ್ತಾರೆ. ದೇವರನ್ನು ಕುರುಬನೆಂದು ಕರೆಯುವ 23ನೇ ಕೀರ್ತನೆ ರೋಗಿಯ ಮಂಚದ ಬಳಿ, ಮಣ್ಣು ಕೊಡುವ ಹೊತ್ತಿನಲ್ಲಿ ಓದುವ ಮಾತು. ಸುಗ್ಗಿಯ ಮೇಲೆ ನವಲಗುಂದದ ಹೊಲಗಳಲ್ಲಿ ಕುರಿ ತರುಬುವುದನ್ನು ಕಂಡ ರೈತನಿಗೆ ಈ ಹೋಲಿಕೆಯನ್ನು ಯಾರೂ ವಿವರಿಸಬೇಕಿಲ್ಲ.

ಬೆಳೆ ಹಬ್ಬದಂದು ಜೋಳದ ತೆನೆ, ಕಡಲೆ, ಮೆಣಸಿನಕಾಯಿ, ಕುಂಬಳಕಾಯಿ, ತತ್ತಿ, ಕೋಳಿಗಳನ್ನು ಪೀಠದ ಮುಂದೆ ತಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅವು ಹರಾಜಾಗುತ್ತವೆ. ಪೇಟೆಯ ದರಕ್ಕಿಂತ ಹೆಚ್ಚು ಕೂಗುವುದು ಗೌರವ. ಆ ಹಣ ಸಭೆಯ ಕೆಲಸಕ್ಕೆ ಸಲ್ಲುತ್ತದೆ. ಮಳೆ ಕೈಕೊಟ್ಟ ವರ್ಷವೂ ಬುಟ್ಟಿ ಬರಿದಾಗಿ ಬರುವುದಿಲ್ಲ.

ಇಂದು

ಬಾಸೆಲ್ ಪರಂಪರೆಯ ಬಹಳಷ್ಟು ಸಭೆಗಳು ಈಗ ದಕ್ಷಿಣ ಭಾರತ ಸಭೆಯಲ್ಲಿವೆ. ಮಳೆಯ ಅನಿಶ್ಚಿತತೆ, ಕೃಷಿ ಸಾಲ, ದುಡಿಮೆಗಾಗಿ ಹುಬ್ಬಳ್ಳಿಗೆ ಹೋಗುವ ಯುವಕರು, ಅಲ್ಪಸಂಖ್ಯಾತರೆಂಬ ಅಳುಕು ಇಂದಿನ ಚಿಂತೆಗಳು. ಕಲಘಟಗಿಯ ಭತ್ತದ ಗದ್ದೆಯಲ್ಲಾಗಲಿ ಕುಂದಗೋಳದ ಮೆಣಸಿನಕಾಯಿ ಹೊಲದಲ್ಲಾಗಲಿ, ಈ ಚಿಂತೆಗಳಲ್ಲಿ ಬಹುಪಾಲು ನೆರೆಹೊರೆಯ ಲಿಂಗಾಯತ, ಕುರುಬ, ಮುಸ್ಲಿಂ ರೈತರ ಚಿಂತೆಗಳೂ ಹೌದು. ಆದ್ದರಿಂದ ಹಳ್ಳಿಯ ಕ್ರೈಸ್ತನ ನಿರ್ಭಯತೆ ಸಭೆಯ ಬಲದಷ್ಟೇ ಓಣಿಯ ಸ್ನೇಹವನ್ನೂ ನೆಚ್ಚಿಕೊಂಡಿದೆ.