ಗಾಯರಾಣದ ಆಟ

ಗೋಲ್ಫ್ ಎಂದರೆ ಬಹಳ ವರ್ಷ ನನ್ನ ಕಣ್ಣ ಮುಂದೆ ಬರುತ್ತಿದ್ದವನು ಹಿಂದಿ ಸಿನಿಮಾದ ಶ್ರೀಮಂತ ಅಪ್ಪ. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕೋಲು, ಹಿಂದೆ ಚೀಲ ಹೊತ್ತ ಹುಡುಗ. ಮಗಳು ಬಡವನನ್ನು ಮೆಚ್ಚಿದ ಸುದ್ದಿ ಬಂದ ಕೂಡಲೆ ಕೋಲನ್ನು ಅಲ್ಲಿಯೇ ಒಗೆದು ಕಾರು ಹತ್ತಬೇಕು. ಅಷ್ಟಕ್ಕಾಗಿಯೇ ಆ ಮೈದಾನ. ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಸಂಸಾರ ಮಾಡಿದ ನನಗೆ ಆ ಆಟದ ಗೊಡವೆ ಏಕೆ ಬೇಕಿತ್ತು?

ಗೊಡವೆ ಹಚ್ಚಿದವಳು ಅದಿತಿ ಅಶೋಕ. 2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಗೋಲ್ಫಿನ ಕೊನೆಯ ಸುತ್ತು. ಒಲೆಯ ಮೇಲೆ ಹಾಲಿಟ್ಟು ಬಂದು ಟೀವಿಯ ಮುಂದೆ ನಿಂತವಳು ನಿಂತೇ ಬಿಟ್ಟೆ; ಹಾಲು ಉಕ್ಕಿ ಹೋಯಿತು. ಒಂದೇ ಒಂದು ಹೊಡೆತದಿಂದ ಆ ಹುಡುಗಿಗೆ ಕಂಚಿನ ಪದಕ ತಪ್ಪಿ ನಾಲ್ಕನೆಯವಳಾದಳು. ಆದರೆ ನನ್ನ ಕಣ್ಣು ನೆಟ್ಟದ್ದು ಅವಳ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದ ಹೆಂಗಸಿನ ಮೇಲೆ. ಅವಳೇ ತಾಯಿಯಂತೆ. 2016ರಲ್ಲಿ ರಿಯೋದಲ್ಲಿ ಅದೇ ಚೀಲವನ್ನು ತಂದೆ ಹೊತ್ತಿದ್ದರಂತೆ. ಐದು ವರ್ಷದ ಹುಡುಗಿಯಿದ್ದಾಗ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಹೋಟೆಲೊಂದಕ್ಕೆ ನಾಷ್ಟಾಕ್ಕೆ ಹೋಗಿದ್ದಳು. ಅಲ್ಲಿಂದ ಕರ್ನಾಟಕ ಗೋಲ್ಫ್ ಅಸೋಸಿಯೇಶನ್ನಿನ ಮೈದಾನ ಕಾಣುತ್ತಿತ್ತು. ಆ ಜನ ಏನು ಕಂಡು ಕೂಗುತ್ತಿದ್ದಾರೆಂದು ನೋಡಲು ಹೋದದ್ದೇ ಎಲ್ಲಕ್ಕೂ ಆರಂಭ. ಕಣ್ಣಿಗೆ ಬಿದ್ದರೆ ತಾನೆ ಬೇಕೆನಿಸುವುದು?

ಪಕ್ಕದಲ್ಲಿ ಕೂತಿದ್ದ ಮೊಮ್ಮಗ ಕೇಳಿದ: "ಆಯಿ, ಇದನ್ನ ನಮ್ಮ ಕಡೆ ಎಲ್ಲಿ ಆಡತಾರ?"

"ನಿಮ್ಮ ಮುತ್ತ್ಯಾನ ಊರಿನ ಗಾಯರಾಣದಾಗ" ಅಂದೆ, ಚ್ಯಾಷ್ಟಿಗೆ.

ಚ್ಯಾಷ್ಟಿಗೆ ಆಡಿದ ಮಾತು ನಿಜವೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ಮಗಳು ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನಲ್ಲಿದ್ದಾಳೆ. 2023ರ ಬೇಸಿಗೆಯಲ್ಲಿ ಅವಳ ಬಾಣಂತನಕ್ಕೆಂದು ಹೋದೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಸೇಂಟ್ ಆಂಡ್ರೂಸ್, ಗೋಲ್ಫ್ ಆಟದ ತವರುಮನೆ. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ರವಿವಾರ ಅಳಿಯ ನಮ್ಮನ್ನೆಲ್ಲ ಕರೆದುಕೊಂಡು ಹೋದ. ಸಮುದ್ರದ ದಂಡೆಗೆ ಹಾಸಿದಂತೆ ಹುಲ್ಲು. ಅದರ ಮೇಲೆ ನಾಯಿ ಬಿಟ್ಟುಕೊಂಡು ತಿರುಗುವ ಮುದುಕರು, ಚೆಂಡಾಡುವ ಹುಡುಗರು, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡ ತಾಯಂದಿರು. ಗೋಲ್ಫ್ ಆಡುವವರು ಒಬ್ಬರೂ ಇಲ್ಲ.

"ಅತ್ತಿ, ರವಿವಾರ ಇಲ್ಲಿ ಆಟ ಬಂದ್. ಊರ ಮಂದಿ ಅಡ್ಡಾಡೂ ದಿವಸ" ಅಂದ ಅಳಿಯ.

ಇದು ಓಲ್ಡ್ ಕೋರ್ಸ್. ಪರಸ್ಥಳದವರು ಇಲ್ಲಿ ಒಂದು ಸಲ ಆಡಲು ನೂರಾರು ಪೌಂಡು ತೆತ್ತು, ಚೀಟಿ ಎತ್ತಿಸಿ ಕಾಯುತ್ತಾರೆ. ಅಂಥ ಹುಲ್ಲಿನ ಮೇಲೆ ವಾರಕ್ಕೊಮ್ಮೆ ಊರಿನ ನಾಯಿ ಓಡುತ್ತದೆ. ಈ ಹುಲ್ಲನ್ನು ನಾಲ್ಕು ದಶಕ ಕಾಯ್ದವನು ಟಾಮ್ ಮಾರಿಸ್, 1821ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ನೇಕಾರನ ಮಗ. ರವಿವಾರ ನಿಮಗೆ ವಿಶ್ರಾಂತಿ ಬೇಡವಾದರೂ ಹುಲ್ಲಿಗೆ ಬೇಕು ಎಂಬುದು ಅವನ ಹಟವಾಗಿತ್ತಂತೆ. ನನಗೆ ಸೋಮವಾರ ನೆನಪಾಯಿತು. ಎಷ್ಟೇ ಅವಸರದ ಬಿತ್ತಿಗೆಯಿರಲಿ, ಸೋಮವಾರ ನಮ್ಮ ಅಜ್ಜ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ.

ಅಂಥ ನೆಲಕ್ಕೆ ಅಲ್ಲಿಯವರು ಲಿಂಕ್ಸ್ ಎನ್ನುತ್ತಾರೆ. ಸಮುದ್ರಕ್ಕೂ ಹೊಲಗಳಿಗೂ ನಡುವೆ ಉಳಿದ ಉಸುಕಿನ ಭೂಮಿ. ಬೆಳೆಗೆ ಬಾರದು, ಕುರಿ ಮೇಯುತ್ತಿದ್ದವು, ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆದು ಅಲ್ಲಿಯೇ ಒಣಹಾಕುತ್ತಿದ್ದರು, ಬಿಡುವಿದ್ದವರು ಕೋಲಿನಿಂದ ಚೆಂಡು ಹೊಡೆದು ತಗ್ಗಿಗೆ ಬೀಳಿಸುತ್ತಿದ್ದರು. ಇದು ಗಾಯರಾಣವಲ್ಲದೆ ಮತ್ತೇನು? ಹಳ್ಳ ದಾಟಲು ಅಲ್ಲೊಂದು ಪುಟ್ಟ ಕಲ್ಲಿನ ಸೇತುವೆಯಿದೆ. ಕುರುಬರು ಕುರಿ ದಾಟಿಸಲು ಕಟ್ಟಿದ್ದು. ಈಗ ಜಗತ್ತಿನ ಆಟಗಾರರು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಕಾಕ ಫಾಲ್ಸ್‌ನ ತೂಗುಸೇತುವೆಯೂ ಹೀಗೆಯೇ, ಗಿರಣಿಯ ಕಾಲದ್ದು. ಕೆಲಸದ ದಾರಿ ಮುಂದೆ ನೋಟದ ಜಾಗವಾಯಿತು.

ಈ ಗಾಯರಾಣ ಊರವರ ಕೈಯಲ್ಲಿ ಉಳಿದ ಕಥೆ ದೊಡ್ಡದು. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೋಲ್ಫನ್ನೇ ನಿಷೇಧಿಸಿತ್ತು. ಗಂಡಸರು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಚೆಂಡಿನ ಹಿಂದೆ ಓಡುತ್ತಾರೆಂಬ ದೂರು. ಆದರೆ 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಒಂದು ಸನದು ಬರೆದುಕೊಟ್ಟ. ಈ ನೆಲದಲ್ಲಿ ಮೊಲ ಸಾಕುವ ಹಕ್ಕು ತನಗೆ. ಗೋಲ್ಫ್, ಚೆಂಡಾಟ, ಎಲ್ಲ ಆಟಗಳ ಹಕ್ಕು ಊರವರಿಗೆ. ಇನ್ನೂರೈವತ್ತು ವರ್ಷದ ಮೇಲೆ ಆ ಕಾಗದವೇ ಊರನ್ನು ಕಾಯಿತು. 1797ರಲ್ಲಿ ಪುರಸಭೆ ದಿವಾಳಿಯೆದ್ದು ನೆಲವನ್ನು ಕೈಬಿಟ್ಟಿತು. ಅದು ಮೊಲದ ವ್ಯಾಪಾರಿಗಳ ವಶವಾಯಿತು. ಮೊಲಗಳು ಸಾವಿರಗಟ್ಟಲೆ ಬಿಲ ತೋಡಿದವು. ಊರವರು ಸುಮ್ಮನಿರಲಿಲ್ಲ. ಸುಮಾರು ಇಪ್ಪತ್ತು ವರ್ಷ ಕೋರ್ಟಿನಲ್ಲೂ ಬಯಲಿನಲ್ಲೂ ಜಗಳಾಡಿದರು. ಕೊನೆಗೆ 1821ರಲ್ಲಿ ಪಕ್ಕದ ಜಮೀನುದಾರ ಜೇಮ್ಸ್ ಚೀಪ್ ಆ ಭೂಮಿ ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಊರು ಅದನ್ನು ಮರಳಿ ಪಡೆಯಿತು. 1974ರಿಂದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಈಗ ಅಲ್ಲಿ ಏಳು ಮೈದಾನಗಳಿವೆ, ಏಳೂ ಸಾರ್ವಜನಿಕ. ಊರಿನವರಿಗೆ ವರ್ಷದ ಪಾಸು ಕಡಿಮೆ ದರದಲ್ಲಿ ಸಿಗುತ್ತದೆ.

ಇದೆಲ್ಲ ಗಂಡಸರ ಮಾತಾಯಿತು. ಹೆಂಗಸರು?

ಸ್ಕಾಟ್ಲೆಂಡಿನ ರಾಣಿ ಮೇರಿಯ ಗಂಡ 1567ರಲ್ಲಿ ಕೊಲೆಯಾದ. ಸೂತಕ ಕಳೆಯುವ ಮೊದಲೇ ಇವಳು ಗೋಲ್ಫ್ ಆಡಿದಳೆಂದು ವೈರಿಗಳು ಆಪಾದನೆ ಹೊರಿಸಿದರು. ಆಡಿದಳೋ ಬಿಟ್ಟಳೋ, ಹೆಣ್ಣಿನ ಆಟ ದೂರಿನ ರೂಪದಲ್ಲಿಯೇ ಇತಿಹಾಸದ ಕಡತಕ್ಕೆ ಸೇರಿತು ನೋಡಿ! ನನಗೆ ಅವಳಿಗಿಂತ ಮಸಲ್‌ಬರೋ ಊರಿನ ಮೀನು ಮಾರುವ ಹೆಂಗಸರು ಹೆಚ್ಚು ಹಿಡಿಸಿದರು. 1811ರ ಹೊಸ ವರ್ಷದ ಹೊತ್ತಿಗೆ ಅಲ್ಲಿಯ ಗೋಲ್ಫ್ ಸಂಘ ಅವರಿಗೊಂದು ಪಂದ್ಯ ಏರ್ಪಡಿಸಿತು. ಗೆದ್ದವಳಿಗೆ ಹೊಸ ಮೀನುಬುಟ್ಟಿ ಮತ್ತು ಶಾಲು. ನಂತರದವರಿಗೆ ರೇಷ್ಮೆ ಕರವಸ್ತ್ರ. ಬೆನ್ನಿನ ಮೇಲೆ ಮಣಭಾರ ಹೊತ್ತು ಹರದಾರಿ ನಡೆಯುವವರಿಗೆ ಕೋಲು ಬೀಸುವುದು ಯಾವ ಲೆಕ್ಕ?

ಮೇಲುವರ್ಗದ ಹೆಂಗಸರಿಗೆ ಅಷ್ಟು ಸಲೀಸಾಗಿರಲಿಲ್ಲ. ಕೋಲನ್ನು ಭುಜದ ಮೇಲಕ್ಕೆ ಎತ್ತುವುದು ಮರ್ಯಾದೆಯಲ್ಲ ಎಂಬ ಕಟ್ಟಳೆ. ಸೇಂಟ್ ಆಂಡ್ರೂಸಿನ ಹೆಂಗಸರು ಮೊದಮೊದಲು ಚೀಲ ಹೊರುವ ಹುಡುಗರು ಆಡಿಕೊಳ್ಳುತ್ತಿದ್ದ ಸಣ್ಣ ಅಂಕಣದಲ್ಲಿ ಆಡಿದರು. ಬಳಿಕ 1867ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅವರಿಗೆ ಅಂಕಣ ಹಾಕಿಕೊಟ್ಟವನು ಅದೇ ನೇಕಾರನ ಮಗ ಟಾಮ್. ಕೋಲು ಎತ್ತಬಾರದಷ್ಟೇ ತಾನೆ? ಹಾಗಾದರೆ ಎತ್ತದೆಯೇ ಆಡುವ ಆಟ: ಚೆಂಡನ್ನು ನೆಲದ ಮೇಲೆಯೇ ಮೆಲ್ಲಗೆ ತಟ್ಟಿ ಕುಳಿಗೆ ಸೇರಿಸುವುದು. ಆ ಅಂಕಣದ ಹೆಸರು ಹಿಮಾಲಯ. ಇಂದಿಗೂ ಅದನ್ನು ನಡೆಸುವವರು ಆ ಹೆಂಗಸರ ಸಂಘದವರೇ. ಸದಸ್ಯರು ಆಡುವ ಹೊತ್ತು ಬಿಟ್ಟರೆ ಉಳಿದಂತೆ ಯಾರು ಬೇಕಾದರೂ ಆಡಬಹುದು. ದರ, ಅಲ್ಲಿಯ ಹೋಟೆಲಿನಲ್ಲಿ ಒಂದು ಕಪ್ ಚಹಾ, ಒಂದು ತುಣುಕು ಕೇಕಿಗೆ ಕೊಡುವುದಕ್ಕಿಂತ ಕಡಿಮೆ. ಕೋಲು, ಚೆಂಡು ಅವರೇ ಕೊಡುತ್ತಾರೆ.

ಮುಂದಿನ ವಾರ ಮಗಳು ನನ್ನನ್ನು ಅಲ್ಲಿಗೆ ಕರೆತಂದಳು. "ಅವ್ವಾ, ಆಡ್ತಿಯೇನ?" ಅಂದಳು. ನಾನು ಇಳಕಲ್ ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ಅವಳದೇ ಬೂಟು ಹಾಕಿಕೊಂಡಿದ್ದೆ. ಹತ್ತು ಹನ್ನೆರಡು ವರ್ಷದವರೆಗೆ ಅಜ್ಜನ ಊರಿನ ಗಾಯರಾಣದಲ್ಲಿ ಅಣ್ಣಂದಿರ ಸಮಸಮ ಚಿಣಿಪಣಿ ಆಡಿದವಳು ನಾನು. ದೊಡ್ಡವಳಾದ ಮರುದಿನವೇ ಆಟ ನಿಂತಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನ ಸಾಕು" ಎಂದಳು ಅವ್ವ, ಅಷ್ಟೇ. ಆಮೇಲೆ ಐವತ್ತು ವರ್ಷ ನಾನು ಬಯಲಿಗೆ ಹೋದದ್ದು ಎಲ್ಲಿಗಾದರೂ ತಲುಪುವುದಕ್ಕೆ, ಇಲ್ಲವೆ ಏನಾದರೂ ತರುವುದಕ್ಕೆ.

ಸೆರಗು ಸಿಗಿಸಿ ಕೋಲು ಹಿಡಿದೆ. ಹಿಮಾಲಯ ಎಂಬ ಹೆಸರು ಸುಳ್ಳಲ್ಲ. ಅಂಗಳದಷ್ಟು ನುಣ್ಣಗೆ ಕತ್ತರಿಸಿದ ಹುಲ್ಲು, ಆದರೆ ನೆಲವೆಲ್ಲ ದಿಬ್ಬ, ತಗ್ಗು, ಮತ್ತೆ ದಿಬ್ಬ. ಕುಳಿ ಎದುರಿಗೇ ಕಾಣುತ್ತದೆ. ನೇರ ತಟ್ಟಿದರೆ ಚೆಂಡು ದಿಬ್ಬದ ನೆತ್ತಿಯವರೆಗೆ ಹೋಗಿ, ಅಲ್ಲಿ ತುಸು ಯೋಚಿಸಿ, ಹೊರಳಿ ನನ್ನ ಕಾಲಿಗೇ ಬರುತ್ತದೆ. ಮುಂದಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಕುಳಿಯತ್ತ ನೋಡಲೇ ಇಲ್ಲ. ಬದಿಯ ದಿಬ್ಬದ ಮೇಲಕ್ಕೆ ಹೊಡೆದಳು. ಚೆಂಡು ಸುತ್ತಿಕೊಂಡು ಇಳಿದು ಕುಳಿಗೆ ಸೇರಿತು. ಆಕೆಯನ್ನು ನೋಡಿ ನಾನೂ ಕಲಿತೆ. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬಾರದು. ನೆಲ ಓದುವ ಕಣ್ಣು ಬೇಕು. ಆರು ವರ್ಷದ ಕೂಸು, ಅರವತ್ತೆರಡರ ನಾನು, ಮೀಸೆಯ ಅಳಿಯ ಎಲ್ಲರೂ ಒಂದೇ ಹಂತ. ಹದಿನೆಂಟು ಕುಳಿ ಮುಗಿಸಲು ನನಗೆ ಎಪ್ಪತ್ತೊಂದು ಹೊಡೆತ ಬೇಕಾದವು, ಅಳಿಯನಿಗೆ ಅರವತ್ತೆಂಟು.

ಚೆನ್ನಾಗಿ ರೂಪಿಸಿದ ಮೈದಾನವೆಂದರೆ ಇದೇ ಎಂದು ನನಗನ್ನಿಸುತ್ತದೆ. ಅಲಿಸ್ಟರ್ ಮೆಕೆಂಜಿ ಎಂಬ ಡಾಕ್ಟರ್ ವೈದ್ಯ ಬಿಟ್ಟು ಗೋಲ್ಫ್ ಮೈದಾನ ರೂಪಿಸುವವನಾದ. ಕುಶಲಿಗೆ ಸವಾಲಿರಬೇಕು, ಸಾಮಾನ್ಯನಿಗೂ ಸುತ್ತಿ ಹೋಗುವ ದಾರಿಯಿರಬೇಕು, ಇಬ್ಬರೂ ಖುಷಿಯಿಂದ ಮನೆಗೆ ಹೋಗಬೇಕು ಎಂಬುದು ಅವನ ವಿಚಾರ. ಅಮೆರಿಕೆಯ ಅತಿ ಶ್ರೀಮಂತ ಆಗಸ್ಟಾ ಮೈದಾನಕ್ಕೆ ಬಾಬಿ ಜೋನ್ಸ್ ಜೊತೆ ರೂಪ ಕೊಟ್ಟವನು ಅವನೇ. 1932ರಲ್ಲಿ ಆರಂಭವಾದ, ಕ್ಯಾಲಿಫೋರ್ನಿಯಾದ ಶಾರ್ಪ್ ಪಾರ್ಕ್ ಎಂಬ ನಗರಸಭೆಯ ಮೈದಾನವೂ ಅವನದೇ. ಬಡವರದೆಂದು ಎರಡನೆಯದರಲ್ಲಿ ಕೈ ಹಿಡಿಯಲಿಲ್ಲ.

ನಮ್ಮ ದೇಶಕ್ಕೆ ಈ ಆಟ ಬಂದದ್ದು ಮಾತ್ರ ಬೇಲಿಯ ಸಮೇತ. ಕಲಕತ್ತೆಯಲ್ಲಿ 1829, ಬೆಂಗಳೂರಿನಲ್ಲಿ 1876. ಎರಡೂ ಸಾಹೇಬರ ಕ್ಲಬ್ಬುಗಳು. ಸ್ಕಾಟ್ಲೆಂಡಿನವರು ತಮ್ಮ ಗಾಯರಾಣದ ಆಟವನ್ನು ತಂದರು, ಗಾಯರಾಣವನ್ನು ಅಲ್ಲಿಯೇ ಬಿಟ್ಟು ಬಂದರು. ಕ್ಲಬ್ಬಿನ ಸದಸ್ಯನಲ್ಲದವನೂ ಹಣ ಕೊಟ್ಟು ಆಡಬಹುದಾದ ದೇಶದ ಮೊದಲ ಸಾರ್ವಜನಿಕ ಮೈದಾನ ಬಂದದ್ದು 2000ದಲ್ಲಿ, ದಿಲ್ಲಿಯ ಲಾಡೋ ಸರಾಯ್‌ನಲ್ಲಿ, ಕುತುಬ್ ಮಿನಾರದ ನೆರಳಿನಲ್ಲಿ.

ಇದನ್ನೆಲ್ಲ ಹೇಳಿ, ನಮ್ಮಲ್ಲೂ ಗೋಲ್ಫ್ ಮೈದಾನ ಮಾಡಿರೆಂದು ನಾನು ಕೇಳುತ್ತಿಲ್ಲ. ನಮ್ಮದು ಕಬ್ಬಿಗೆ ನೀರು ಸಾಲದ ಕಡೆ. ಅಷ್ಟು ಹುಲ್ಲಿಗೆ ಎಲ್ಲಿಂದ ತರಬೇಕು? ನನ್ನ ಲೆಕ್ಕ ಬೇರೆ. ನೂರು ದನಗಳಿಗೆ ಮೂವತ್ತು ಎಕರೆ ಗಾಯರಾಣ ಎಂದು ನಮ್ಮ ಭೂಕಂದಾಯದ ನಿಯಮವೇ ಹೇಳುತ್ತದೆ. ಉದ್ಯಾನ, ಆಟದ ಬಯಲು ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯಿದೆ. ಊರೊಟ್ಟಿನ ಭೂಮಿಯ ಅತಿಕ್ರಮಣ ತೆರವುಗೊಳಿಸಿರೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಹ್ಯಾಮಿಲ್ಟನ್ನನ ಸನದಿಗಿಂತ ಗಟ್ಟಿ ಕಾಗದಗಳು ನಮ್ಮ ಹತ್ತಿರ ಇವೆ. ಊರವರೇ ಒಡೆಯರಾಗುವುದೂ ನಮಗೆ ಹೊಸದಲ್ಲ. ತಂಗಿಯನ್ನು ಕೊಟ್ಟ ಹುಕ್ಕೇರಿಯಲ್ಲಿ 1969ರಿಂದ ಮನೆಮನೆಗೆ ಕರೆಂಟು ಹಂಚುವುದು ಗ್ರಾಹಕರದೇ ಸಹಕಾರಿ ಸಂಘ. ಕರ್ನಾಟಕದಲ್ಲಿ ಅಂಥದು ಅದೊಂದೇ. ವಿದ್ಯುತ್ ಕಂಬ ಸಂಭಾಳಿಸಿದ ಜನಕ್ಕೆ ಒಂದು ತುಂಡು ಹುಲ್ಲು ಸಂಭಾಳಿಸುವುದು ಭಾರವೇ?

ಆದರೆ ನಾವು ಮನೆ ಕಟ್ಟಿಕೊಂಡ ಬಡಾವಣೆಯಲ್ಲಿ (ಯಾವ ಬಡಾವಣೆ, ಯಾವ ಕಚೇರಿ ಎಂಬುದು ಇಲ್ಲಿ ಬೇಡ) ನಕಾಶೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸಿದ ಬಯಲೊಂದಿತ್ತು. ನಾವು ಸೈಟು ಕೊಂಡದ್ದೇ ಅದನ್ನು ನೋಡಿ. ಈಗ ಅಲ್ಲಿ ಡಾಂಬರಿನ ಡಬ್ಬಿ, ಜಲ್ಲಿಯ ರಾಶಿ, ಒಂದು ಬದಿಗೆ ಅಂಗಡಿಗಳಿಗೆಂದು ತೆಗೆದ ಪಾಯ. ಓಣಿಯ ಹನ್ನೊಂದು ಹೆಂಗಸರು ಸೇರಿ ಅರ್ಜಿ ಕೊಟ್ಟಿದ್ದೆವು. ನಾನು ಸ್ಕಾಟ್ಲೆಂಡಿಗೆ ಹೋಗುವ ಮೊದಲಿನ ಮಾತು.

ತಿರುಗಿ ಬಂದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲರಿಗೂ ಹಿಮಾಲಯದ ಅಂಕದ ಚೀಟಿ ತೋರಿಸಿದೆ. ಎದುರು ಮನೆಯ ಅಕ್ಕ ಅದನ್ನು ತಿರುವಿ ಮುರುವಿ ನೋಡಿದರು.

"ಸೀರಿ ಉಟಗೊಂಡ ಆಡಬಹುದೇನ?"

"ನಾ ಆಡೀನಲ್ರೀ ಅಕ್ಕಾರ."

"ರೊಕ್ಕಾ?"

ಹೇಳಿದೆ. ಅವರು ಮನಸ್ಸಿನಲ್ಲಿಯೇ ರೂಪಾಯಿಯ ಲೆಕ್ಕ ಹಾಕಿ, ಚೀಟಿ ಮಡಚಿ ನನ್ನ ಕೈಗೆ ಕೊಟ್ಟರು. ಬೀದಿ ದೀಪ ಹತ್ತಿತ್ತು. ಆಚೆ ಬಯಲಿನಲ್ಲಿ ಟಿಪ್ಪರೊಂದು ಜಲ್ಲಿ ಸುರುವುತ್ತಿತ್ತು.

"ನಮ್ಮ ಅರ್ಜಿ ಎಲ್ಲಿಗೆ ಬಂತ?" ಎಂದರು.

"ನಂಬರ ಬರಕೊಂಡೀನಿ. ಸೋಮವಾರ ಹೋಗಬೇಕ."

"ಸೋಮವಾರ ನಾನೂ ಬರತೀನಿ, ತಡಿ" ಎಂದು ಅಕ್ಕ ಚಪ್ಪಲಿ ಹುಡುಕಿದರು.