ಕೆಫೆ ಕಾಫಿ ಡೇ

ಕೆಫೆ ಕಾಫಿ ಡೇ: ಚಿಕ್ಕಮಗಳೂರು ಸೀಮೆಯ ಕಾಫಿತೋಟಗಳಲ್ಲಿ ಬೇರೂರಿ, 1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತನ್ನ ಪ್ರಥಮ ಅಂಗಡಿಯನ್ನು ತೆರೆದು, ಎರಡು ದಶಕಗಳೊಳಗಾಗಿ ಭಾರತದ ಅತಿ ವಿಸ್ತಾರವಾದ ಕಾಫಿಗೃಹಗಳ ಸರಣಿಯಾಗಿ ಬೆಳೆದು, 2019ರ ತರುವಾಯ ಋಣಭಾರದಿಂದ ಕುಗ್ಗಿದ ಉದ್ಯಮ. ಜನರ ಬಾಯಲ್ಲಿ ಕಾಫಿ ಡೇ ಎಂದೂ ಸಿಸಿಡಿ ಎಂದೂ ಪ್ರಸಿದ್ಧ. ಕಾಫಿ ಡೇ ಗ್ಲೋಬಲ್ ಎಂಬ ಕಂಪನಿ ಇದನ್ನು ನಡೆಸುತ್ತದೆ. ಅದರ ಮಾತೃಸಂಸ್ಥೆ ಕಾಫಿ ಡೇ ಎಂಟರ್‌ಪ್ರೈಸಸ್.

ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರಬ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಮಲೆನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಬೆಳೆದವನಿಗೆ ತನ್ನ ಬೆಳೆಯ ಮೇಲೆ ಬಹುಕಾಲ ಪೂರ್ಣ ಸ್ವಾಮ್ಯವಿರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಮನೆಬಳಕೆಗೆಂದು ಅಲ್ಪಾಂಶವನ್ನು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಿ, ಮಂಡಳಿ ಮಾರಿದ ಮೇಲೆ ಕಂತುಕಂತಾಗಿ ಬರುವ ಹಣಕ್ಕೆ ಕಾದು ಕುಳಿತಿರಬೇಕಾದುದು ಬೆಳೆಗಾರನ ಪಾಡಾಗಿತ್ತು. 1990ರ ದಶಕದ ಆದಿಭಾಗದಿಂದ ಹಂತಹಂತವಾಗಿ ಸಡಿಲಗೊಂಡ ಈ ನಿರ್ಬಂಧವು 1996ರಲ್ಲಿ ಸಂಪೂರ್ಣವಾಗಿ ತೊಲಗಿತು. ಕಾಫಿ ಡೇಯ ಮೊದಲ ಅಂಗಡಿ ಅದೇ ವರ್ಷ ತೆರೆದುದು ಕೇವಲ ಕಾಕತಾಳೀಯವಲ್ಲ. ಬೆಳೆಗಾರನೇ ವರ್ತಕನಾಗಿ, ವರ್ತಕನೇ ಹುರಿಯುವವನಾಗಿ, ಹುರಿದವನೇ ಬಟ್ಟಲಿಗೆ ಬಗ್ಗಿಸಿ ಕೊಡುವವನೂ ಆಗಬಹುದಾದ ದಾರಿ ತೆರೆದುದರ ಪ್ರಥಮ ಮಹಾಫಲವೇ ಈ ಸಂಸ್ಥೆ.

ಇದಕ್ಕೆ ಮುನ್ನ ಕನ್ನಡಿಗರು ಹೋಟೆಲು ಕಟ್ಟದೆ ಇದ್ದವರಲ್ಲ. ಉಡುಪಿಯ ಆಸುಪಾಸಿನಿಂದಲೂ, ಮಂಕಿ, ಹೊನ್ನಾವರ, ಕುಮಟೆಗಳನ್ನೊಳಗೊಂಡ ಉತ್ತರ ಕನ್ನಡದ ಕರಾವಳಿಯಿಂದಲೂ ಹೊರಟು, ಹುಬ್ಬಳ್ಳಿ, ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಇಡ್ಲಿ ದೋಸೆಗಳ ಮೂಲಕ ಬದುಕು ಕಟ್ಟಿಕೊಂಡವರ ಪರಂಪರೆ ದೀರ್ಘವಾದುದು. ನಿಂತು ತಿಂದು ಹೋಗುವ ದರ್ಶಿನಿಗಳೂ 1980ರ ದಶಕದಲ್ಲಿ ಬೆಂಗಳೂರಿನ ಜಯನಗರದ ಕಡೆಯಿಂದ ಹರಡಲಾರಂಭಿಸಿದ್ದುವು. ಆ ಪರಂಪರೆಯ ಹೋಟೆಲಿನಲ್ಲಿ ಯಜಮಾನ ಗಲ್ಲಾದ ಮೇಲೆ ಕುಳಿತಿರುತ್ತಾನೆ. ದಿನದ ಹಾಲಿನ ಲೆಕ್ಕ, ಹಿಟ್ಟಿನ ಲೆಕ್ಕ, ಬಾಕಿಯ ಲೆಕ್ಕ ಆತನ ಕಣ್ಣಳತೆಯಲ್ಲಿರುತ್ತವೆ. ಒಂದು ಹೋಟೆಲಿನ ಉಳಿತಾಯದಿಂದ ಇನ್ನೊಂದನ್ನು ತೆರೆಯುವುದು ರೂಢಿ. ಮಂಕಿಯಂಥ ಊರಿನ ಚಹಾದಂಗಡಿಯಿಂದ ಮಹಾನಗರದ ಮೂರಂತಸ್ತಿನ ಹೋಟೆಲಿನವರೆಗೂ ಈ ನಿಯಮ ಒಂದೇ. ಕಾಫಿ ಡೇ ಈ ನಿಯಮವನ್ನು ಬಿಟ್ಟು ಬೇರೊಂದು ಬಗೆಯಲ್ಲಿ ಬೆಳೆಯಿತೆಂಬುದನ್ನು ನೆನಪಿನಲ್ಲಿರಿಸಿಕೊಳ್ಳದೆ ಅದರ ಏಳ್ಗೆಯನ್ನಾಗಲಿ ಇಳಿವನ್ನಾಗಲಿ ಅರಿಯುವುದು ಸಾಧ್ಯವಿಲ್ಲ.

ಸ್ಥಾಪಕರಾದ ವಿ. ಜಿ. ಸಿದ್ಧಾರ್ಥ ಅವರು 1959ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿ, ಮುಂಬಯಿಯ ಜೆಎಂ ಫೈನಾನ್ಷಿಯಲ್ ಸಂಸ್ಥೆಯಲ್ಲಿ ಶೇರು ವ್ಯವಹಾರದ ಒಳಹೊರಗನ್ನು ಕಲಿತು, ಬೆಂಗಳೂರಿಗೆ ಮರಳಿ ಶಿವನ್ ಸೆಕ್ಯುರಿಟೀಸ್ ಎಂಬ ಸಂಸ್ಥೆಯನ್ನು ನಡೆಸಿ, ಗಳಿಸಿದ ಹಣವನ್ನು ತೋಟಗಳಲ್ಲಿ ತೊಡಗಿಸುತ್ತ ಹೋದವರು. 1993ರಲ್ಲಿ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿಯನ್ನು ಆರಂಭಿಸಿ, ಅಲ್ಪಕಾಲದಲ್ಲೇ ದೇಶದ ದೊಡ್ಡ ಕಾಫಿ ರಫ್ತುದಾರರಲ್ಲಿ ಒಬ್ಬರಾದರು. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರ ಪುತ್ರಿ ಮಾಳವಿಕಾ ಇವರ ಪತ್ನಿ.

ಬ್ರಿಗೇಡ್ ರಸ್ತೆಯ ಮೊದಲ ಅಂಗಡಿ ಕಾಫಿಯೊಡನೆ ಅಂತರ್ಜಾಲವನ್ನೂ ಒದಗಿಸಿದ ಸ್ಥಳ. ಗಣಕಯಂತ್ರ ಮನೆಮನೆಗೆ ಬಾರದಿದ್ದ ಆ ದಿನಗಳಲ್ಲಿ ತರುಣರು ಅದಕ್ಕಾಗಿಯೇ ಬಂದು, ಕಾಫಿಯ ರುಚಿಗೆ ಒಲಿದರು. ಕಾಲಕ್ರಮದಲ್ಲಿ ಅಂತರ್ಜಾಲದ ಆಕರ್ಷಣೆ ಕಳೆಯಿತು. ಕುಳಿತುಕೊಳ್ಳುವ ಆಕರ್ಷಣೆ ಉಳಿಯಿತು. ಸ್ಟೀಲಿನ ಲೋಟ-ಬಟ್ಟಲಿನಲ್ಲಿ ಫಿಲ್ಟರ್ ಕಾಫಿಯನ್ನು ಎರಡು ನಿಮಿಷದಲ್ಲಿ ಮುಗಿಸಿ, ಹಿಂದೆ ಕಾಯುತ್ತಿರುವವರಿಗೆ ಜಾಗ ಬಿಟ್ಟು ಏಳಬೇಕಾದ ಹೋಟೆಲುಗಳ ನಾಡಿನಲ್ಲಿ, ಒಂದು ಕ್ಯಾಪುಚಿನೊ ತರಿಸಿಕೊಂಡು ಇಡೀ ಮಧ್ಯಾಹ್ನ ಕುಳಿತರೂ ಯಾರೂ ಏಳೆನ್ನದ ಮೆತ್ತನೆಯ ಆಸನ ಅಪೂರ್ವವಾದ ವಸ್ತುವಾಗಿತ್ತು. ಹೆಣ್ಣುಮಕ್ಕಳು ಒಬ್ಬರೇ ಬಂದು ನಿರಾತಂಕವಾಗಿ ಕುಳಿತು ಓದಬಹುದಾದ, ವಧೂವರರ ಮನೆಯವರು ಸಂಕೋಚವಿಲ್ಲದೆ ಭೇಟಿಯಾಗಬಹುದಾದ, ಕಚೇರಿಯಿಲ್ಲದ ಉದ್ಯಮಿಗಳು ವ್ಯವಹಾರ ಕುದುರಿಸಬಹುದಾದ ಸಾರ್ವಜನಿಕ ಸ್ಥಳಗಳು ನಮ್ಮ ಪಟ್ಟಣಗಳಲ್ಲಿ ಎಷ್ಟು ವಿರಳವಾಗಿದ್ದುವೆಂಬುದನ್ನು ಬಲ್ಲವರು ಈ ಸಂಸ್ಥೆಯ ಸಾಮಾಜಿಕ ಉಪಕಾರವನ್ನು ಲಘುವಾಗಿ ಎಣಿಸಲಾರರು. ಕೋಲ್ಡ್ ಕಾಫಿ, ಬ್ರೌನಿ, ಸ್ಯಾಂಡ್‌ವಿಚ್, ಸಮೋಸಗಳ ಪಟ್ಟಿ ಎಲ್ಲ ಊರುಗಳಲ್ಲಿಯೂ ಬಹುಪಾಲು ಒಂದೇ ಆಗಿತ್ತು.

ಸಂಸ್ಥೆಯ ಅಂತಸ್ಸತ್ತ್ವವು ಅದರ ಸ್ವಾವಲಂಬನೆಯಲ್ಲಿತ್ತು. ಕಾಯಿ ಸ್ವಂತ ತೋಟದ್ದು ಅಥವಾ ನೆರೆಹೊರೆಯ ಬೆಳೆಗಾರರದು. ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್ ಸ್ವಂತದ್ದು. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳೂ ಡಾರ್ಕ್ ಫಾರೆಸ್ಟ್ ಎಂಬ ಸಂಸ್ಥೆಯ ಮೂಲಕ ಮೇಜು ಕುರ್ಚಿಗಳಾಗುತ್ತಿದ್ದುವು. ಹಳ್ಳಿಗಾಡಿನ ಯುವಕ ಯುವತಿಯರನ್ನು ಚಿಕ್ಕಮಗಳೂರಿನಲ್ಲಿ ತರಬೇತುಗೊಳಿಸಿ ದೂರದ ನಗರಗಳಿಗೆ ಕಳುಹಿಸುತ್ತಿದ್ದುದಲ್ಲದೆ, ಮಾತು ಬಾರದ, ಕಿವಿ ಕೇಳದ ಅನೇಕರಿಗೆ ಕಾಫಿ ತಯಾರಿಸುವ ಕೆಲಸವನ್ನು ಕೊಟ್ಟು ಗೌರವದಿಂದ ನಡೆಸಿಕೊಂಡುದು ಈ ಸಂಸ್ಥೆಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ವಿಸ್ತರಣೆ ತ್ವರಿತವಾಗಿ ನಡೆಯಿತು. 2005ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಅಂಗಡಿ ತೆರೆಯಿತು. 2010ರಲ್ಲಿ ಚೆಕ್ ದೇಶದ ಕೆಫೆ ಎಂಪೋರಿಯೊ ಸರಣಿ ಕೈಸೇರಿತು. ಸ್ವದೇಶದಲ್ಲಿ ಹೆದ್ದಾರಿಗಳ ಬದಿ, ಆಸ್ಪತ್ರೆಗಳ ಅಂಗಳ, ವಿಮಾನನಿಲ್ದಾಣ, ಕಾಲೇಜುಗಳ ಎದುರು, ಎಲ್ಲೆಡೆಯೂ ಕೆಂಪು ಫಲಕ ಕಾಣಿಸತೊಡಗಿತು. 2019ರ ಮಾರ್ಚ್ ವೇಳೆಗೆ ಅಂಗಡಿಗಳು 1,752. ಇವಲ್ಲದೆ ಕಚೇರಿಗಳಲ್ಲಿ ಹತ್ತಾರು ಸಾವಿರ ಕಾಫಿಯಂತ್ರಗಳಿದ್ದುವು.

ಈ ಬೆಳವಣಿಗೆಯ ಬಹುಭಾಗ ಗಲ್ಲಾದ ಉಳಿತಾಯದಿಂದ ಬಂದುದಲ್ಲ. ಜಾಗದ ಬಾಡಿಗೆ ನಗರಗಳಲ್ಲಿ ವರ್ಷವರ್ಷಕ್ಕೂ ಏರುತ್ತಿರಲು, ಒಂದು ಬಟ್ಟಲಿಗೆ ಒಂದು ಮಧ್ಯಾಹ್ನವನ್ನು ಬಿಟ್ಟುಕೊಡುವ ವ್ಯಾಪಾರದಲ್ಲಿ ಲಾಭ ತೆಳುವಾಗಿರುವುದು ಸಹಜ. ಟಾಟಾ ಸಂಸ್ಥೆಯೊಡನೆ ಕೂಡಿ 2012ರಲ್ಲಿ ಭಾರತಕ್ಕೆ ಬಂದ ಸ್ಟಾರ್‌ಬಕ್ಸ್ ಸಿರಿವಂತ ಗಿರಾಕಿಗಳನ್ನು ಸೆಳೆಯಿತು. ಹೊಸ ಅಂಗಡಿಗಳಿಗೂ, ತಂತ್ರಾಂಶ, ಸರಕು ಸಾಗಣೆ, ಭೂಮಿ, ಹೋಟೆಲು ಮೊದಲಾದ ಇತರ ಉದ್ಯಮಗಳಿಗೂ ಬೇಕಾದ ಬಂಡವಾಳವು ಖಾಸಗಿ ಹೂಡಿಕೆದಾರರಿಂದಲೂ ಸಾಲದಿಂದಲೂ ಬಂದಿತು. 2015ರಲ್ಲಿ ಶೇರೊಂದಕ್ಕೆ 328 ರೂಪಾಯಿಯಂತೆ ಸಾರ್ವಜನಿಕರಿಂದ 1,150 ಕೋಟಿ ರೂಪಾಯಿಗಳನ್ನು ಸಂಗ್ರಹಿಸಿದಾಗ, ಆ ಹಣದ ದೊಡ್ಡ ಪಾಲು ಹಳೆಯ ಸಾಲದ ತೀರುವಳಿಗೆಂದೇ ಮೀಸಲಾಗಿತ್ತು. ಶೇರಿನ ಬೆಲೆಯು ಪೇಟೆಯ ಮೊದಲ ದಿನವೇ ನೀಡಿಕೆಯ ದರಕ್ಕಿಂತ ಕೆಳಗಿಳಿಯಿತು. 2017ರಲ್ಲಿ ಆದಾಯ ತೆರಿಗೆ ಇಲಾಖೆಯ ಶೋಧ ನಡೆಯಿತು. 2019ರಲ್ಲಿ ಸಿದ್ಧಾರ್ಥ ಅವರು ಮೈಂಡ್‌ಟ್ರೀ ತಂತ್ರಾಂಶ ಸಂಸ್ಥೆಯಲ್ಲಿದ್ದ ತಮ್ಮ ಪಾಲನ್ನು ಸುಮಾರು 3,200 ಕೋಟಿ ರೂಪಾಯಿಗಳಿಗೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಮಾರಿದರೂ ಸಾಲ ತೀರಲಿಲ್ಲ.

ಅದೇ ವರ್ಷದ ಜುಲೈ 29ರ ಸಂಜೆ ಅವರು ಮಂಗಳೂರಿನ ಬಳಿ ನೇತ್ರಾವತಿ ನದಿಯ ಸೇತುವೆಯಲ್ಲಿ ಕಾಣೆಯಾದರು; 31ರಂದು ಮೃತದೇಹ ದೊರೆಯಿತು. ನಿರ್ದೇಶಕ ಮಂಡಲಿಗೆ ಬರೆದುದೆನ್ನಲಾದ ಪತ್ರದಲ್ಲಿ ಸಾಲ ಕೊಟ್ಟವರ ಹಾಗೂ ಹೂಡಿಕೆದಾರರೊಬ್ಬರ ಒತ್ತಡ, ತೆರಿಗೆ ಇಲಾಖೆಯ ಕ್ರಮಗಳ ಪ್ರಸ್ತಾಪವಿತ್ತು. ಮಲೆನಾಡಿನ ಸಾವಿರಾರು ಕುಟುಂಬಗಳಿಗೆ ಅನ್ನದಾತರಾಗಿದ್ದ ವ್ಯಕ್ತಿಯ ಈ ಅಕಾಲಮರಣದಿಂದ ನಾಡಿಗೆ ನಾಡೇ ಮರುಗಿತು. ಅವರ ಕುಟುಂಬದ ಚೇತನಹಳ್ಳಿ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು.

ತದನಂತರ ಮಂಡಲಿಯು ನೇಮಿಸಿದ ತನಿಖೆಯ ವರದಿ 2020ರ ಜುಲೈಯಲ್ಲಿ ಪ್ರಕಟವಾಯಿತು. ಅಂಗಸಂಸ್ಥೆಗಳಿಂದ ಸ್ಥಾಪಕರ ಖಾಸಗಿ ಸಂಸ್ಥೆಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹರಿದು, ಮರಳಿ ಬರಬೇಕಾಗಿದ್ದ ಹೆಚ್ಚುವರಿ ಬಾಕಿ 2,693 ಕೋಟಿ ರೂಪಾಯಿಗಳೆಂದು ಅದರಲ್ಲಿ ಹೇಳಲಾಗಿತ್ತು. ಇದೇ ಹಣದ ವರ್ಗಾವಣೆಗೆ ಸಂಬಂಧಿಸಿ ಶೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2023ರ ಜನವರಿಯಲ್ಲಿ ಮಾತೃಸಂಸ್ಥೆಗೆ 26 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಗಿರಾಕಿಗಳು ಕಾಫಿಯನ್ನು ಒಲ್ಲೆವೆಂದುದರಿಂದ ಈ ಸರಣಿ ಬೀಳಲಿಲ್ಲ. ಒಬ್ಬ ವ್ಯಕ್ತಿಯ ಮೇಲಿನ ವಿಶ್ವಾಸವನ್ನೇ ಅಡವಿಟ್ಟು ತಂದ ಸಾಲವು, ಆ ವ್ಯಕ್ತಿಯ ಸ್ವಂತ ಲೆಕ್ಕ ಯಾವುದು, ಸಂಸ್ಥೆಯ ಲೆಕ್ಕ ಯಾವುದು ಎಂಬ ಗಡಿಯನ್ನು ಅಳಿಸಿಹಾಕಿದುದೇ ಅವನತಿಯ ಮೂಲ. ಅದೇ ವಿಶ್ವಾಸವಿಲ್ಲದೆ ಬ್ರಿಗೇಡ್ ರಸ್ತೆಯಿಂದ ವಿಯೆನ್ನಾದವರೆಗಿನ ಪಯಣವೂ ಸಾಧ್ಯವಾಗುತ್ತಿರಲಿಲ್ಲ.

2020ರಲ್ಲಿ ಕೊರೊನಾ ಸೋಂಕಿನಿಂದ ವ್ಯಾಪಾರ ಕುಗ್ಗಿದ್ದ ಕಾಲದಲ್ಲಿ, ಡಿಸೆಂಬರ್ ತಿಂಗಳಲ್ಲಿ ಮಾಳವಿಕಾ ಹೆಗ್ಡೆ ಅವರು ಮುಖ್ಯ ಕಾರ್ಯನಿರ್ವಾಹಕರಾಗಿ ಹೊಣೆಯನ್ನು ಹೊತ್ತರು. ಬೆಂಗಳೂರಿನ ಗ್ಲೋಬಲ್ ವಿಲೇಜ್ ತಾಂತ್ರಿಕ ಉದ್ಯಾನವೇ ಮೊದಲಾದ ಆಸ್ತಿಗಳ ವಿಕ್ರಯದಿಂದಲೂ, ಲಾಭವಿಲ್ಲದ ಅಂಗಡಿಗಳನ್ನು ಮುಚ್ಚಿದುದರಿಂದಲೂ, 7,000 ಕೋಟಿ ರೂಪಾಯಿಗಳನ್ನು ಮೀರಿದ್ದ ಸಾಲ ಕೆಲವೇ ವರ್ಷಗಳಲ್ಲಿ ಸುಮಾರು 1,800 ಕೋಟಿಗೆ ಇಳಿಯಿತು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ: ಅಂಗಡಿಗಳು 2021ರಲ್ಲಿ 572ಕ್ಕೂ 2023ರಲ್ಲಿ 469ಕ್ಕೂ ಕುಗ್ಗಿದುವು. 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಮಾತೃಸಂಸ್ಥೆಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಲು, ಮೇಲ್ಮನವಿ ನ್ಯಾಯಮಂಡಳಿಯು ಮೊದಲು ತಡೆಯಾಜ್ಞೆಯನ್ನಿತ್ತು, 2025ರ ಫೆಬ್ರವರಿಯಲ್ಲಿ ಆ ಆದೇಶವನ್ನೇ ರದ್ದುಗೊಳಿಸಿತು. ಉಳಿದ ಅಂಗಡಿಗಳೂ ಕಚೇರಿಗಳ ಕಾಫಿಯಂತ್ರಗಳೂ ಕೆಲಸ ಮಾಡುತ್ತಿವೆ. ಬೆಂಗಳೂರಿನಲ್ಲೇ ಹುಟ್ಟಿದ ಥರ್ಡ್ ವೇವ್ ಮೊದಲಾದ ಹೊಸ ಸರಣಿಗಳು ಈ ಸಂಸ್ಥೆ ಅಭ್ಯಾಸ ಮಾಡಿಸಿದ ಗಿರಾಕಿಗಳನ್ನೇ ನೆಚ್ಚಿಕೊಂಡು ಬೆಳೆಯುತ್ತಿವೆ.